ಕಮ್ಮಿ ಆಯ್ತಾ? ಕಮ್ಮಿ ಮಾಡಿದಿರಾ?

ಹದಿನೈದು ದಿನಕ್ಕೊಂದು ಇಂಗ್ಲಿಷ್ ಮಾತು



ಕಳೆದ ಸಂಚಿಕೆಯ ‘ಅಡ್ಜಸ್ಟ್’ ಎಂಬ ಮಾತಿಗೆ ನಿಮ್ಮಿಂದ ಬಂದ ಕಾಗದಗಳನ್ನೆಲ್ಲ ಓದಿದೆ. ತರೀಕೆರೆ ಕಡೆಯ ಸೋದರಿಯೊಬ್ಬರು, “ಅದನ್ನು ನೀವು ಹೇಳಿಕೊಡಬೇಕೇನ್ರೀ? ಮದುವೆಯಾದ ದಿನದಿಂದ ಮಾಡ್ತಾನೇ ಇದ್ದೀವಲ್ಲ!” ಎಂದು ಬರೆದಿದ್ದಾರೆ. ಓದಿ ಒಬ್ಬಳೇ ನಕ್ಕೆ. ನಮ್ಮನೆಯವರು ಪೇಪರಿನಿಂದ ತಲೆಯೆತ್ತಿ “ಏನಾಯ್ತು?” ಎಂದರು. “ಏನಿಲ್ಲ, ನಿಮಗೆ ಅರ್ಥವಾಗೋದಲ್ಲ” ಎಂದು ಸುಮ್ಮನಾದೆ.

ಈ ಸಲದ ಮಾತು ತೀರ ಚಿಕ್ಕದು. ಆದರೆ ಅದನ್ನು ಕಲಿಯಲು ನಾನು ತೆತ್ತ ಬೆಲೆ ದೊಡ್ಡದು. ಆ ಮಾತು ‘ಟೇಪರ್’. ಟಿ, ಎ, ಪಿ, ಇ, ಆರ್. ಪೇಪರ್ ಎನ್ನುವ ಹಾಗೆಯೇ ಅನ್ನಿ, ಮೊದಲ ಅಕ್ಷರವೊಂದೇ ಬೇರೆ. ಈ ಪೇಪರ್-ಟೇಪರ್ ಹೋಲಿಕೆಯೇ ನನ್ನನ್ನು ಕೆಡಿಸಿದ್ದು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಅರ್ಥ ನೋಡೋಣ. ಬೆಳಿಗ್ಗೆ ಮಗಳ ತಲೆ ಬಾಚಿ ಜಡೆ ಹೆಣೆಯುತ್ತೀರಲ್ಲ? ಬುಡದಲ್ಲಿ ಮುಷ್ಟಿ ತುಂಬುವಷ್ಟು ದಪ್ಪ, ನಡುವೆ ಸ್ವಲ್ಪ ಕಡಿಮೆ, ತುದಿಗೆ ಬರುವಾಗ ಇಲಿಬಾಲದಷ್ಟು. ಎಲ್ಲಿ ತೆಳುವಾಯಿತು ಎಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ. ಹಾಗೆ ಸ್ವಲ್ಪಸ್ವಲ್ಪವಾಗಿ, ಹಂತಹಂತವಾಗಿ ಸಣ್ಣದಾಗುತ್ತ ಹೋಗುವುದೇ ಟೇಪರ್. ಅದೇ ಜಡೆಯನ್ನು ನಡುವೆ ಹಿಡಿದು ಕತ್ತರಿಯಿಂದ ಕಚಕ್ಕೆಂದು ಕತ್ತರಿಸಿದರೆ ಅದು ‘ಕಟ್’. ಎರಡರ ತುದಿಯಲ್ಲೂ ಕೂದಲು ಮುಗಿಯುತ್ತದೆ ನಿಜ, ಆದರೆ ಮುಗಿಯುವ ರೀತಿ ಬೇರೆ.

ಹಿಂದಿನ ಇಂಗ್ಲಿಷಿನಲ್ಲಿ ಟೇಪರ್ ಎಂದರೆ ಮೇಣದ ಬತ್ತಿ. ಬುಡ ದಪ್ಪ, ತುದಿ ಸಪೂರ. ಆ ಆಕಾರದಿಂದಲೇ ‘ಸಪೂರವಾಗುತ್ತ ಹೋಗು’ ಎಂಬ ಅರ್ಥ ಬಂತು. ಉದ್ದನೆಯ ಸಪೂರ ಮೇಣದಬತ್ತಿಗೆ ಇಂದಿಗೂ ಆ ಹೆಸರಿದೆ.

ಹೆಸರು ಇಂಗ್ಲಿಷಿನದಾದರೂ ಕೆಲಸ ನಮ್ಮದೇ. ಹಾಲ್ಬಾಯಿ ಮಗುಚುವಾಗ ಮೊದಲು ಒಳ್ಳೆ ಉರಿ ಬೇಕು. ಗಟ್ಟಿಯಾಗುತ್ತ ಬಂದ ಹಾಗೆ ಸೌದೆ ಒಂದೊಂದನ್ನೇ ಹಿಂದಕ್ಕೆಳೆದು, ಕೊನೆಗೆ ಬರೀ ಕೆಂಡದ ಮೇಲೆ ಬಿಡುತ್ತೀರಿ. ಮಗುವಿಗೆ ಮೊಲೆ ಬಿಡಿಸುವಾಗಲೂ ಅಷ್ಟೆ. ಮೊದಲು ಮಧ್ಯಾಹ್ನದ್ದು, ಆಮೇಲೆ ಸಂಜೆಯದು, ಕಟ್ಟಕಡೆಗೆ ರಾತ್ರಿಯದು. ಒಂದೇ ದಿನ ಬಿಡಿಸಿದರೆ ಅತ್ತ ಮಗುವಿನ ರಂಪ, ಇತ್ತ ತಾಯಿಯ ಎದೆ ಕಟ್ಟಿ ಜ್ವರ. ಗಬ್ಬದ ಹಸುವನ್ನು ಬತ್ತಿಸುವಾಗ ಹಾಲು ಕರೆಯುವುದನ್ನು ಹೇಗೆ ಹದವಾಗಿ ಇಳಿಸಬೇಕೆಂದು ಕೊಟ್ಟಿಗೆ ಇರುವ ಮನೆಯ ಹೆಂಗಸಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕಡಿಮೆಯಾಗುವುದಕ್ಕೆ ಇಂಗ್ಲಿಷಿನಲ್ಲಿ ಇದೊಂದೇ ಮಾತಲ್ಲ. ಕೃಷ್ಣಪಕ್ಷದ ಚಂದ್ರ ದಿನದಿನಕ್ಕೆ ಕರಗುವುದಕ್ಕೆ ‘ವೇನ್’. ಕಡಲಿನ ಇಳಿತಕ್ಕೆ ‘ಎಬ್’. ಗಾಳಿಮಳೆಯ ಆರ್ಭಟ ತಗ್ಗುವುದಕ್ಕೆ, ನೋವು ಇಳಿಯುವುದಕ್ಕೆ ‘ಅಬೇಟ್’. ನಮ್ಮ ಮಲೆನಾಡಿನಲ್ಲಿ ಮಳೆ ‘ಹೊಳವಾಯಿತು’ ಎನ್ನುತ್ತೇವಲ್ಲ, ಹೆಚ್ಚುಕಡಿಮೆ ಅದು. ಒಂದು ಕಾಲಕ್ಕೆ ತುಂಬಿದ್ದು ಸೊರಗಿ ಸೊರಗಿ ಬೆರಳೆಣಿಕೆಗೆ ಬಂದರೆ ‘ಡ್ವಿಂಡಲ್’. ಶೇಕ್ಸ್‌ಪಿಯರನ ನಾಟಕವೊಂದರಲ್ಲಿ ಫಾಲ್‌ಸ್ಟಾಫ್ ಎಂಬ ದಢೂತಿ ಆಸಾಮಿ, ತಾನು ಬಡಕಲಾಗಿಬಿಟ್ಟೆ ಎಂದು ಗೋಳಾಡುವಾಗ ಇದೇ ಮಾತನ್ನು ಬಳಸುತ್ತಾನೆ. ನಮ್ಮ ಗುಡ್ಡಗಳಲ್ಲಿ ಡ್ವಿಂಡಲ್‌ಗೆ ಉದಾಹರಣೆ ಹುಡುಕಬೇಕಾಗಿಲ್ಲ. ಕಟ್ಟೆರೋಗ ಬಿದ್ದು ಎಷ್ಟೋ ಮನೆಗಳ ಏಲಕ್ಕಿ ತೋಟ ಹೋಯಿತು. ಬಿಳಿ ಕಾಂಡಕೊರಕದ ಕಾಟಕ್ಕೆ ಸೋತು ಅರೇಬಿಕಾ ಕಿತ್ತು ರೊಬಸ್ಟಾ ನೆಟ್ಟವರು ಎಷ್ಟೋ ಜನ. ಇಂದು ನಮ್ಮ ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ರೊಬಸ್ಟಾವೇ.

ಆದರೆ ಒಂದು ವ್ಯತ್ಯಾಸ ಗಮನಿಸಿ. ಚಂದ್ರ ತಾನಾಗಿ ಕರಗುತ್ತಾನೆ, ಕಡಲು ತಾನಾಗಿ ಇಳಿಯುತ್ತದೆ. ಟೇಪರ್ ಎಂಬುದನ್ನು ಮಾತ್ರ ನಾವೇ ಕೈಯಾರೆ, ಲೆಕ್ಕವಿಟ್ಟು ಮಾಡುವುದೂ ಉಂಟು. ಅದಕ್ಕೇ ಅದು ಡಾಕ್ಟರ ಚೀಟಿಯಲ್ಲಿ ಬರುವ ಮಾತಾಯಿತು.

ಈಗ ನನ್ನ ಕಥೆಗೆ ಬರುತ್ತೇನೆ.

ಏಳು ವರ್ಷದ ಹಿಂದಿನ ಮಾತು. ನಮ್ಮ ಮನೆ ಕಳಸದಿಂದ ಹೊರನಾಡಿಗೆ ಹೋಗುವ ದಿಕ್ಕಿನಲ್ಲಿ, ಹೊಳೆಯ ಆಚೆ. ಅತ್ತೆಗೆ ಮೊದಲಿನಿಂದಲೂ ಉಬ್ಬಸ. ಆ ವರ್ಷ ಯುಗಾದಿ ಕಳೆದ ಮೇಲೆ ಹೆಚ್ಚಾಯಿತು. ಪೇಟೆಯ ಡಾಕ್ಟರು ಗುಳಿಗೆ ಕೊಟ್ಟರು. ಅದು ಸ್ಟೀರಾಯ್ಡ್ ಗುಳಿಗೆ ಎಂದು ಆಗ ನನಗೆ ಗೊತ್ತಿಲ್ಲ. ನುಂಗಿದ ನಾಲ್ಕೈದು ದಿನದಲ್ಲಿ ಅತ್ತೆ ಎದ್ದು ಓಡಾಡಿದರು. ಹಲಸಿನ ಹಪ್ಪಳ ಒತ್ತಿದರು. ಹೀಗೆ ಎರಡು ತಿಂಗಳು ದಾಟಿತು.

ಆರಿದ್ರೆ ಮಳೆ ಶುರುವಾದಾಗ ಮತ್ತೆ ತೋರಿಸಿಕೊಂಡು ಬಂದೆವು. ಹೊರಗೆ ಬೆಂಚಿನ ತುಂಬ ಜನ. ಡಾಕ್ಟರು ಎದೆಗೆ ಕೊಳವೆಯಿಟ್ಟು ನೋಡಿ, “ಅಜ್ಜಿ ಈಗ ಪರವಾಗಿಲ್ಲ. ಈ ಗುಳಿಗೆ ಟೇಪರ್ ಮಾಡಿ ನಿಲ್ಲಿಸಿ. ಬರೆದಿದ್ದೀನಿ. ಗೊತ್ತಾಯ್ತಲ್ಲಮ್ಮಾ?” ಎಂದರು.

ನಾನು “ಹೂಂ ಸಾರ್” ಎಂದೆ.

ಈ ಹೂಂ ಬಗ್ಗೆ ನಿಮಗೆ ಹೇಳಲೇಬೇಕು. ನನಗೆ ಗೊತ್ತಾಗಿರಲಿಲ್ಲ. ನಮ್ಮ ಕಾಲದಲ್ಲಿ ಕನ್ನಡ ಶಾಲೆಯಲ್ಲಿ 5ನೇ ತರಗತಿಗೆ ಬಂದ ಮೇಲೆ ಎ ಬಿ ಸಿ ಡಿ. ಸರಕಾರಿ ಶಾಲೆಗಳಲ್ಲಿ 1ನೇ ತರಗತಿಯಿಂದಲೇ ಇಂಗ್ಲಿಷ್ ಬಂದದ್ದು 2007ರಲ್ಲಿ. ಬೋರ್ಡು ಓದುತ್ತೇನೆ, ಬಸ್ಸಿನ ಹೆಸರು ಓದುತ್ತೇನೆ, ಡಾಕ್ಟರ ಕೈಬರಹ ಓದಲಾರೆ. ಆದರೆ ಎಸ್ಸೆಸ್ಸೆಲ್ಸಿ ಪಾಸಾದ ಸೊಸೆ ಎಂದು ಅತ್ತೆ ನನ್ನನ್ನೇ ಮುಂದೆ ಮಾಡಿ ಕರೆದುಕೊಂಡು ಹೋಗಿದ್ದಾರೆ. ಹಿಂದೆ ಅಷ್ಟು ಜನ ಕಾಯುತ್ತಿದ್ದಾರೆ. ಅಂಥದ್ದರಲ್ಲಿ “ಹಾಗಂದ್ರೇನು ಸಾರ್?” ಎಂದು ಕೇಳಲು ನಾಲಿಗೆ ಏಳಲಿಲ್ಲ. ಅವರು ‘ಪೇಪರ್’ ಅಂದಿರಬೇಕು, ಚೀಟಿ ನೋಡಿ ನಿಲ್ಲಿಸಿ ಅಂತಿರಬೇಕು ಎಂದು ನಾನೇ ಅರ್ಥ ಕಟ್ಟಿಕೊಂಡೆ. ಚೀಟಿಯಲ್ಲಿ ಒಂದಿಷ್ಟು ಅಂಕಿ, ನಡುವೆ ಬಾಣದ ಗುರುತು. ಮನೆಗೆ ಬಂದು ಅದನ್ನು ಮಡಚಿ ಸಾಸಿವೆ ಡಬ್ಬಿಯೊಳಗೆ ಇಟ್ಟೆ. ನಮ್ಮನೆಯವರು ಹೊಳವು ನೋಡಿಕೊಂಡು ಅಡಿಕೆಗೆ ಬೋರ್ಡೋ ಹೊಡೆಸುವ ಗಡಿಬಿಡಿಯಲ್ಲಿದ್ದರು. “ಏನಂದ್ರು?” ಎಂದು ಕೇಳಿದ್ದಕ್ಕೆ, “ನಿಲ್ಲಿಸಬಹುದಂತೆ” ಎಂದೆ.

ಅತ್ತೆಗೆ ಅಷ್ಟೇ ಸಾಕಾಯಿತು. “ಕಮ್ಮಿ ಆಯ್ತಲ್ಲೇ ಮಾರಾಯ್ತಿ. ಇನ್ನೆಂಥಕ್ಕೆ ಆ ಕಹಿ ಗುಳಿಗೆ?” ಎಂದು ಮಾರನೆಯ ದಿನದಿಂದಲೇ ಬಿಟ್ಟರು.

ಮೊದಲ ದಿನ ಏನೂ ಇಲ್ಲ. ಎರಡನೆಯ ದಿನ ಮೈಯೆಲ್ಲ ನೋವು ಎಂದರು, ಥಂಡಿಗೆ ಇರಬೇಕೆಂದು ಶುಂಠಿ ಕಷಾಯ ಕೊಟ್ಟೆ. ಮೂರನೆಯ ದಿನ ಗಂಜಿ ಸೇರಲಿಲ್ಲ, ವಾಂತಿ. ಪಿತ್ತ ಇರಬೇಕೆಂದುಕೊಂಡೆ. ನಾಲ್ಕನೆಯ ದಿನ ಬೆಳಿಗ್ಗೆ ಬಚ್ಚಲ ಒಲೆಯ ಮುಂದೆ ಕೂತಿದ್ದವರು ಏಳಲು ಹೋಗಿ ಹಾಗೇ ಕುಸಿದರು. ಕೈಕಾಲು ತಣ್ಣಗೆ. ಕರೆದರೆ ಮಾತಿಲ್ಲ, ಕಣ್ಣು ಮಾತ್ರ ಅರ್ಧ ತೆರೆದಿದೆ.

ಪಕ್ಕದ ಮನೆಯವರ ಜೀಪಿನಲ್ಲಿ ಹೊರಟೆವು. ಆ ಮಳೆಗಾಲದಲ್ಲಿ ಭದ್ರೆ ಎಷ್ಟು ಸಲ ಹೆಬ್ಬಾಳೆ ಸೇತುವೆಯ ಮೇಲೆ ಹರಿದಿದ್ದಳೋ! ಆ ದಿನ ನಮ್ಮ ಪುಣ್ಯ, ಸೇತುವೆ ಕಾಣುತ್ತಿತ್ತು. ಕೊಟ್ಟಿಗೆಹಾರದ ಮಂಜಿನಲ್ಲಿ ದೀಪ ಹಾಕಿಕೊಂಡು ಹೋಗುವಾಗ ಅತ್ತೆಯ ತಲೆ ನನ್ನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ನಾನು ದೇವರನ್ನು ಬೇಡಲಿಲ್ಲ, ಬೇಡಲು ಧೈರ್ಯವಿರಲಿಲ್ಲ. ಸಾಸಿವೆ ಡಬ್ಬಿಯೊಳಗಿನ ಚೀಟಿಯೇ ಕಣ್ಣಮುಂದೆ. ಅದನ್ನು ತಂದಿದ್ದೆ, ಕುಪ್ಪಸದೊಳಗೆ ಸಿಕ್ಕಿಸಿಕೊಂಡಿದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಒಬ್ಬರಿದ್ದರು. ರಕ್ತದೊತ್ತಡ ನೋಡುತ್ತಲೇ, “ಏನೇನು ಗುಳಿಗೆ ತಗೊಳ್ತಿದ್ರು? ಸ್ಟೀರಾಯ್ಡ್ ಇತ್ತಾ? ಟೇಪರ್ ಮಾಡಿದ್ರಾ?” ಎಂದು ಒಂದೇ ಉಸಿರಿಗೆ ಕೇಳಿದರು.

ನಂಬಿ, ಸೋದರಿಯರೇ, ಆಗಲೂ ನನ್ನ ಬಾಯಿಗೆ ಮೊದಲು ಬಂದದ್ದು ‘ಹೂಂ’ ಎಂಬುದೇ. ಅಷ್ಟು ಅಭ್ಯಾಸವಾಗಿತ್ತು. ಅತ್ತೆಯ ಮುಖ ನೋಡಿದೆ. “ಹಾಗಂದ್ರೆ ಏನು ಮೇಡಂ? ನನಗೆ ಗೊತ್ತಿಲ್ಲ” ಎಂದು ಚೀಟಿ ಕೊಟ್ಟೆ. ಅವರು ಅದನ್ನು ಓದಿ, ಯಾವತ್ತು ನಿಲ್ಲಿಸಿದಿರಿ ಎಂದು ಕೇಳಿ, ಕೂಡಲೇ ಇಂಜೆಕ್ಷನ್ ಕೊಟ್ಟು ಗ್ಲೂಕೋಸ್ ಏರಿಸಿದರು. ಸಂಜೆಯ ಹೊತ್ತಿಗೆ ಅತ್ತೆ ಕಣ್ಣು ಬಿಟ್ಟು, “ಹಟ್ಟಿ ಬಾಗಿಲು ಹಾಕಿದ್ಯಾ?” ಎಂದು ಕೇಳಿದರು. ಆಗ ಅತ್ತೆ.

ರಾತ್ರಿ ಡಾಕ್ಟರಮ್ಮ ಮಂಚದ ಪಕ್ಕ ನಿಂತು ಕಾಗದದ ಮೇಲೆ ಮೆಟ್ಟಿಲು ಬರೆದು ತೋರಿಸಿದರು. ಈ ಮೆಟ್ಟಿಲಲ್ಲಿ ಇಷ್ಟು ಗುಳಿಗೆ, ಇಷ್ಟು ದಿನ. ಕೆಳಗಿನ ಮೆಟ್ಟಿಲಿಗೆ ಅದಕ್ಕಿಂತ ಕಡಿಮೆ. ಹಾಗೇ ಇಳಿಯುತ್ತ ಬಂದು ಕೊನೆಗೆ ನಿಲ್ಲಿಸುವುದು. “ಅವತ್ತೇ ಕೇಳಿದ್ರೆ ಅರ್ಧ ನಿಮಿಷದ ಕೆಲಸ ಆಗ್ತಿತ್ತು ಅಲ್ವಾ?” ಎಂದರು. ಬೈದಿದ್ದರೂ ಅಷ್ಟು ನಾಟುತ್ತಿರಲಿಲ್ಲ. ದಿಂಬಿನ ಮೇಲೆ ಅತ್ತೆಯ ನರೆತ ಜಡೆ ಬಿದ್ದಿತ್ತು, ಬುಡದಲ್ಲಿ ಬೆರಳು ಗಾತ್ರ, ತುದಿಯಲ್ಲಿ ದಾರದಷ್ಟು. ಅದನ್ನು ನೋಡುತ್ತ ನೋಡುತ್ತ ಟೇಪರ್ ಎಂಬ ಮಾತು ನನಗೆ ಅರ್ಥವಾಯಿತು.

ತಪ್ಪು ಯಾರದು ಎಂದು ಬಹಳ ದಿನ ಯೋಚಿಸಿದೆ. ಡಾಕ್ಟರು ಬರೆದುಕೊಟ್ಟಿದ್ದರು. ಅತ್ತೆ ತಮಗೆ ತಿಳಿದಂತೆ ಮಾಡಿದರು. ಹೂಂ ಎಂದವಳು ನಾನು. ಜೊತೆಗೆ ನಮ್ಮ ಕನ್ನಡದ ‘ಕಮ್ಮಿ’ ಎಂಬ ಮಾತಿನದೂ ಒಂದು ಪಾಲಿದೆ. “ಜ್ವರ ಕಮ್ಮಿ ಆಯ್ತಾ?” ಎಂದರೆ ವಾಸಿಯಾಯಿತಾ ಎಂದರ್ಥ. “ಉಪ್ಪು ಕಮ್ಮಿ ಮಾಡಿ” ಎಂದರೆ ಪ್ರಮಾಣ ಇಳಿಸಿ ಎಂದರ್ಥ. ಡಾಕ್ಟರು ಕನ್ನಡದಲ್ಲೇ “ಕಮ್ಮಿ ಮಾಡ್ತಾ ನಿಲ್ಲಿಸಿ” ಎಂದಿದ್ದರೂ ನಮ್ಮ ಕಿವಿಗೆ “ಕಮ್ಮಿ ಆದ್ಮೇಲೆ ನಿಲ್ಲಿಸಿ” ಎಂದೇ ಕೇಳಿಸುತ್ತಿತ್ತೋ ಏನೋ. ಕಾಯಿಲೆ ಕಮ್ಮಿ ಆಗುವುದು ಬೇರೆ, ಗುಳಿಗೆ ಕಮ್ಮಿ ಮಾಡುವುದು ಬೇರೆ. ಇದೊಂದು ನೆನಪಿಡಿ.

ಹಾಗಾದರೆ ಮೈಗೆ ಇಷ್ಟೊಂದು ಉಪಚಾರ ಏಕೆ ಬೇಕು? ನಮ್ಮ ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯ ಹಾಗೆ ಒಂದೊಂದು ಚಿಕ್ಕ ಗ್ರಂಥಿಯಿದೆ. ಮೈಯ ಬಲಕ್ಕೆ, ರಕ್ತದೊತ್ತಡಕ್ಕೆ, ಕಾಯಿಲೆ ಬಿದ್ದಾಗ ತಡೆದುಕೊಳ್ಳುವುದಕ್ಕೆ ಬೇಕಾದ ಕಾರ್ಟಿಸಾಲ್ ಎಂಬ ರಸ ದಿನವೂ ಅಲ್ಲಿಂದ ಬರಬೇಕು. ಸ್ಟೀರಾಯ್ಡ್ ಗುಳಿಗೆ ಅದೇ ಜಾತಿಯದು. ಹೊರಗಿನಿಂದ ದಿನವೂ ಊಟದ ಕ್ಯಾರಿಯರ್ ಬರುತ್ತಿದ್ದರೆ ಮನೆಯ ಒಲೆ ಆರುವುದಿಲ್ಲವೇ? ಹಾಗೆ ವಾರಗಟ್ಟಲೆ ಗುಳಿಗೆ ನುಂಗಿದರೆ ಆ ಗ್ರಂಥಿಗಳು ಕೆಲಸ ಬಿಟ್ಟು ಮಲಗುತ್ತವೆ. ಒಂದು ದಿನ ಇದ್ದಕ್ಕಿದ್ದಂತೆ ಕ್ಯಾರಿಯರ್ ನಿಂತರೆ ಒಲೆ ತಕ್ಷಣ ಹೊತ್ತೀತೇ? ಅದೂ ಮಳೆಗಾಲದ ಹಸಿ ಸೌದೆಯಲ್ಲಿ? ಮನೆಮಂದಿ ಹಸಿದು ಬೀಳುತ್ತಾರೆ. ಕ್ಯಾರಿಯರಿನ ಊಟ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿದರೆ, ಇತ್ತ ಒಲೆ ಊದಿ ಊದಿ ಹೊತ್ತಿಸಿಕೊಳ್ಳಲು ಸಮಯ ಸಿಗುತ್ತದೆ.

ಈ ಔಷಧಿಯನ್ನು ದೂರಬೇಡಿ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಕೀಲುವಾತದಿಂದ ನರಳುತ್ತಿದ್ದ ಒಬ್ಬ ಹೆಂಗಸಿಗೆ ಮೊದಲ ಸಲ ಕಾರ್ಟಿಸೋನ್ ಕೊಟ್ಟಾಗ, ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. ಅದರ ಹಿಂದಿನ ಸಂಶೋಧನೆಗೆ ಹೆಂಚ್, ಕೆಂಡಾಲ್, ರೈಕ್‌ಸ್ಟೈನ್ ಎಂಬ ಮೂವರಿಗೆ 1950ರಲ್ಲಿ ನೊಬೆಲ್ ಬಹುಮಾನ ಬಂತು. ಉಬ್ಬಸ ಉಲ್ಬಣಿಸಿದಾಗ ಎಷ್ಟೋ ಜೀವ ಉಳಿಸಿದ ಔಷಧಿ ಇದು. ಹೆದರಿ ಬೇಡವೆನ್ನುವುದೂ ತಪ್ಪು, ಹೇಳದೆ ಕೇಳದೆ ನಿಲ್ಲಿಸುವುದೂ ತಪ್ಪು.

ಈಗ ನಿಮ್ಮ ಸೆರಗಿನ ಗಂಟಿಗೆ ಕೆಲವು ಮಾತು:

1. ಸ್ಟೀರಾಯ್ಡ್ ಗುಳಿಗೆಯನ್ನು ಮೂರು ನಾಲ್ಕು ವಾರಕ್ಕಿಂತ ಹೆಚ್ಚು ಕಾಲ ನುಂಗಿದವರು ಯಾವ ಕಾರಣಕ್ಕೂ ತಾವಾಗಿ ನಿಲ್ಲಿಸಬಾರದು. ಐದಾರು ದಿನಕ್ಕೆಂದು ಕೊಟ್ಟದ್ದನ್ನು ಹಾಗೇ ನಿಲ್ಲಿಸಲು ಎಷ್ಟೋ ಸಲ ಡಾಕ್ಟರೇ ಹೇಳುತ್ತಾರೆ. ನಿಮ್ಮದು ಯಾವ ಬಗೆ ಎಂದು ಕೇಳಿಕೊಳ್ಳಿ. ಪಕ್ಕದ ಮನೆಯವರ ಲೆಕ್ಕ ನಿಮಗಲ್ಲ.

2. ನಿಲ್ಲಿಸಿದ ಮೇಲಾಗಲಿ, ಇಳಿಸುತ್ತಿರುವಾಗಾಗಲಿ ವಿಪರೀತ ಸುಸ್ತು, ವಾಂತಿ, ಎದ್ದರೆ ತಲೆಸುತ್ತು, ಕಣ್ಣು ಕತ್ತಲೆ ಕಂಡರೆ ಕಷಾಯ ಕಾಯಿಸುತ್ತ ಕೂರಬೇಡಿ. ನನ್ನ ಹಾಗೆ ಪಿತ್ತ, ಥಂಡಿ ಎಂದು ಮೂರು ದಿನ ಕಳೆಯಬೇಡಿ. ಆಸ್ಪತ್ರೆಗೆ ಹೊರಡಿ. ಹೋದಲ್ಲಿ ಮೊದಲು ಹೇಳಬೇಕಾದ ಮಾತು, ಇಂಥ ಗುಳಿಗೆ ಇಷ್ಟು ದಿನ ತೆಗೆದುಕೊಂಡಿದ್ದರು ಎಂಬುದು. ಬೇರೆ ಯಾವುದಾದರೂ ಆಪರೇಷನ್ ಇದ್ದರೂ ಇದನ್ನು ಹೇಳಬೇಕು.

3. ಟೇಪರ್ ಮಾಡುವ ಔಷಧಿ ಇದೊಂದೇ ಅಲ್ಲ. ಮೂರ್ಛೆರೋಗದ ಗುಳಿಗೆ, ಬಹುಕಾಲ ನುಂಗಿದ ನಿದ್ದೆ ಗುಳಿಗೆ, ಮನಸ್ಸಿನ ಕಾಯಿಲೆಯ ಕೆಲವು ಗುಳಿಗೆ, ಹೃದಯದ್ದು ಮತ್ತು ರಕ್ತದೊತ್ತಡದ್ದು ಕೆಲವು, ಇವನ್ನೆಲ್ಲ ಒಮ್ಮೆಲೇ ಬಿಟ್ಟರೆ ಅಪಾಯ.

4. ಇದಕ್ಕೆ ತಿರುಗುಮುರುಗಾದ ತಪ್ಪೂ ಉಂಟು. ಕ್ಷಯದ ಗುಳಿಗೆ, ಸೋಂಕಿಗೆ ಕೊಡುವ ಆಂಟಿಬಯೋಟಿಕ್ ಇವನ್ನು ‘ಕಮ್ಮಿ ಆಯ್ತು’ ಎಂದು ನೀವಾಗಿ ಎರಡರ ಬದಲು ಒಂದು ಮಾಡಬೇಡಿ. ಅವು ಹೇಳಿದಷ್ಟು ದಿನ, ಹೇಳಿದಷ್ಟೇ ಪ್ರಮಾಣ.

5. ಹೆಸರಿಲ್ಲದ ಪುಡಿ, ಪೊಟ್ಟಣದ ಮದ್ದು ನುಂಗಿ ಕೀಲುನೋವು, ಉಬ್ಬಸ ಎರಡೇ ದಿನದಲ್ಲಿ ಮಾಯವಾದರೆ ಹಿಗ್ಗಬೇಡಿ, ಅನುಮಾನಪಡಿ. ಅಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಎಷ್ಟೋ ಸಲ ಪತ್ತೆಯಾಗಿದೆ.

6. ಗೋಡೆಯ ಕ್ಯಾಲೆಂಡರ್ ಇದೆಯಲ್ಲ, ಹಾಲಿನ ಲೆಕ್ಕ ಬರೆಯುವುದು? ಅದರಲ್ಲಿ ಆಯಾ ದಿನದ ಮನೆಯಲ್ಲಿ ಎಷ್ಟು ಗುಳಿಗೆಯೋ ಅಷ್ಟು ಸೊನ್ನೆ ಬರೆದಿಡಿ. ನುಂಗಿದ ಮೇಲೆ ಗೀಟು ಹಾಕಿ. ಓದು ಬಾರದವರೂ ಸೊನ್ನೆ ಎಣಿಸಬಲ್ಲರು. ಮಳೆಗಾಲದಲ್ಲಿ ಹೊಳೆ ದಾಟಬೇಕಾದವರು ವಾರಕ್ಕಾಗುವಷ್ಟು ಗುಳಿಗೆ ಯಾವಾಗಲೂ ಮನೆಯಲ್ಲಿಟ್ಟುಕೊಳ್ಳಿ.

ಎಲ್ಲಕ್ಕಿಂತ ದೊಡ್ಡ ಮಾತು, ಆ ‘ಹೂಂ’. ಡಾಕ್ಟರ ಮುಂದೆ, ಬ್ಯಾಂಕಿನಲ್ಲಿ, ಮಕ್ಕಳ ಶಾಲೆಯಲ್ಲಿ ಎಷ್ಟು ಸಲ ಅರ್ಥವಾಗದೆ ಹೂಂ ಎಂದಿದ್ದೇವೆ ಹೇಳಿ? ಇಂಗ್ಲಿಷ್ ಬರದಿದ್ದರೆ ಅವಮಾನವಿಲ್ಲ. ಅವರಿಗೆ ಹಾಲ್ಬಾಯಿ ಮಗುಚಲು ಬರುತ್ತದೆಯೇ? “ಹಾಗಂದ್ರೇನು? ಕನ್ನಡದಲ್ಲಿ ಹೇಳಿ, ಈ ಚೀಟಿ ಹಿಂದೆ ಬರೆದುಕೊಡಿ” ಎನ್ನಿ. ಅವರು ಹೇಳಿದ ಮೇಲೆ ನೀವೇ ಒಮ್ಮೆ ತಿರುಗಿ ಒಪ್ಪಿಸಿ: “ಅಂದ್ರೆ ಈ ವಾರ ಇಷ್ಟು, ಬರೋ ವಾರ ಇಷ್ಟು, ಸರಿಯಾ?” ಬೆಂಚಿನ ಮೇಲೆ ಕಾಯುತ್ತಿರುವವರು ಅರ್ಧ ನಿಮಿಷ ಕಾಯಲಿ ಬಿಡಿ. ಅವರ ಸರದಿಯಲ್ಲಿ ಅವರೂ ಕೇಳಲು ಕಲಿಯುತ್ತಾರೆ.

ಆ ಸಲ ಅತ್ತೆಯ ಗುಳಿಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಪೂರ್ತಿ ನಿಲ್ಲುವ ಹೊತ್ತಿಗೆ ಮಳೆಯೂ ಹಾಗೆಯೇ ಇಳಿದಿತ್ತು. ಪುಷ್ಯ, ಆಶ್ಲೇಷದಲ್ಲಿ ಜಡಿದದ್ದು ಮಘೆ, ಹುಬ್ಬೆಗೆ ತಗ್ಗಿ, ಚಿತ್ತೆ, ಸ್ವಾತಿಗೆ ಬರುವಾಗ ಸಂಜೆಗೊಂದು ಹನಿ. ಕ್ಯಾಲೆಂಡರಿನ ಸೊನ್ನೆಗಳೂ ನಾಲ್ಕಿದ್ದದ್ದು ಮೂರು, ಎರಡು, ಒಂದಾಗಿ, ಕೊನೆಗೆ ಮನೆ ಖಾಲಿ. ಕೊನೆಯ ಸೊನ್ನೆಗೆ ಗೀಟು ಹಾಕಿದ್ದು ಅತ್ತೆಯೇ, ಒಲೆಯ ಇದ್ದಿಲಿನಲ್ಲಿ.

ಈಗ ನಮ್ಮ ಕೇರಿಯಲ್ಲಿ ಯಾರಾದರೂ ಡಾಕ್ಟರ ಹತ್ತಿರ ಹೊರಟರೆ ಅತ್ತೆ ಜಗಲಿಯಿಂದಲೇ ಕೂಗುತ್ತಾರೆ: “ಟೇಪ್ರು ಉಂಟಾ ಇಲ್ವಾ ಕೇಳ್ಕೊಂಡು ಬಾರೇ!” ಉಚ್ಚಾರ ಸ್ವಲ್ಪ ಆಚೀಚೆ. ಅರ್ಥ ಮಾತ್ರ ಯಾವ ಪಂಡಿತರಿಗೂ ಕಡಿಮೆಯಿಲ್ಲ.

ಅಭ್ಯಾಸಕ್ಕೆ: ನಿಮ್ಮ ಮನೆಯಲ್ಲಿ, ತೋಟದಲ್ಲಿ, ಅಡಿಗೆಮನೆಯಲ್ಲಿ ಟೇಪರ್ ಆಗುವ ಮೂರು ಸಂಗತಿ, ಡ್ವಿಂಡಲ್ ಆಗಿರುವ ಒಂದು ಸಂಗತಿ ಬರೆದು ಕಳಿಸಿ. ಮುಂದಿನ ಸಲ ಮಕ್ಕಳ ಶಾಲೆಯ ಚೀಟಿಯಲ್ಲಿ ಬರುವ ಒಂದು ಮಾತು ನೋಡೋಣ. ಅಲ್ಲಿಯವರೆಗೆ, ಗೊತ್ತಿಲ್ಲದ ಕಡೆ ಹೂಂ ಎನ್ನುವುದನ್ನು ಮಾತ್ರ ದಯವಿಟ್ಟು ಟೇಪರ್ ಮಾಡಬೇಡಿ. ಇವತ್ತೇ ನಿಲ್ಲಿಸಿಬಿಡಿ.

ನಿಮ್ಮ ಸೋದರಿ